ಬೆಕ್ಕಿನ ಮರಿಯ ಇಬ್ಬರು ಅಪ್ಪಂದಿರು

ಹೋದ ಭಾನುವಾರ ನಾನು ಭಾವನ ಕೈಯಿಂದ ಗೋಣಿಚೀಲ ಕಿತ್ತುಕೊಂಡೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಅವರೆದುರು ನಾನು ಜೋರಾಗಿ ಕೆಮ್ಮಿದವಳೂ ಅಲ್ಲ. ಚೀಲದೊಳಗಿದ್ದದ್ದು ಒಂದು ಬೆಕ್ಕಿನ ಮರಿ.

ಮೂರು ವಾರದ ಹಿಂದೆ ಅದನ್ನು ಚಿನಕುರಳಿಯಿಂದ ತಂದವರೂ ಅವರೇ. ಅಲ್ಲಿ ನಮ್ಮತ್ತೆಯ ಅಕ್ಕನ ಮನೆ. ಬೂದಿ ಬಣ್ಣದ ಮೈ, ಪೊದೆಯಂಥ ಬಾಲ. ಶ್ರೀರಂಗಪಟ್ಟಣದ ಗಂಜಾಂನ ನಮ್ಮ ಬೀದಿಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಸರಿ, ಇದರ ಅಪ್ಪ ಯಾರು ಎಂಬ ವಿಚಾರಣೆ ಶುರುವಾಯಿತು.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಬಂದರು. ಮರಿಯ ಬಾಲ ಎತ್ತಿ ನೋಡಿದರು (ಅದರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ).

"ಇದು ಪರ್ಷಿಯನ್ ಕಣಪ್ಪ. ಮೊನ್ನೆ ಕೇಬಲ್ ಟಿವೀಲಿ ತೋರ್ಸುದ್ರಲ್ಲ, ಅದೇ ಬಾಲ. ಚಿನಕುರಳೀಲಿ ಕಲ್ಲು ಕ್ವಾರಿ ಓನರು ಮನೇಲಿ ಬಿಳೀ ಬೆಕ್ಕು ಅದಂತಲ್ಲ, ಅದರ ಮಗನೇ."

ಮಾರನೆಯ ದಿನದಿಂದ ಮರಿಗೆ ಸ್ಟೀಲ್ ತಟ್ಟೆ, ಕೆನೆ ಹಾಲು. ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗಲೆಲ್ಲ "ನಮ್ದು ಫಾರಿನ್ ಬೆಕ್ಕು" ಎಂದು ಹೇಳಿಕೊಂಡು ಬಂದರು.

ಈ ವೈಭವ ಹತ್ತೇ ದಿನ. ಮರಿಗೆ ಒಂದು ಗುಣವಿತ್ತು. ತಿನ್ನುವಾಗ ಗುರ್ ಎನ್ನುತ್ತಿತ್ತು. ಹಾಗೆ ಗುರ್ ಎನ್ನುವಾಗಲೇ ಭಾವ ತಟ್ಟೆ ಸರಿಸಲು ಕೈ ಹಾಕಿದರು. ಕಚ್ಚಿತು. ಇಂಜೆಕ್ಷನ್ ಆಯಿತು.

ಅಂದು ಸಂಜೆ ಮೇಷ್ಟ್ರು ಮತ್ತೆ ಬಂದರು. "ನಾನಾಗ್ಲೇ ಅಂದ್ಕಂಡೆ, ಕಿವಿ ತುದೀಲಿ ಕೂದ್ಲು ನೋಡು. ಇದು ಕಾಡುಬೆಕ್ಕಿಗೆ ಹುಟ್ಟಿರದು."

"ಇವತ್ತು ಕೈ, ನಾಳೆ ಕೋಳಿ. ಒಳೆ ದಾಟ್ಸ್ಬುಡು" ಎಂದರು ಅತ್ತೆ.

ಶ್ರೀರಂಗಪಟ್ಟಣದವರಿಗೆ ಇದನ್ನು ವಿವರಿಸಬೇಕಿಲ್ಲ. ಸುತ್ತ ಕಾವೇರಿ. ಬೇಡದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಸೇತುವೆಯ ಆಚೆ ಬಿಟ್ಟರೆ ಅದು ಹೊಳೆ ದಾಟಿ ವಾಪಸ್ ಬರುವುದಿಲ್ಲ. ಆಚೆ ಅದರ ಗತಿ ಏನಾಯಿತೆಂದು ಯಾರಾದರೂ ವಿಚಾರಿಸಿದ್ದುಂಟಾ? ಭಾನುವಾರಕ್ಕೆ ಮುಹೂರ್ತವಾಯಿತು.

ನನಗೆ ರೇಗಿತು. ಬೆಕ್ಕು ಅದೇ, ಬಾಲವೂ ಅದೇ. ಹತ್ತು ದಿನದಲ್ಲಿ ಬದಲಾದದ್ದು ಅಪ್ಪ ಮಾತ್ರ. ಚೆನ್ನಾಗಿ ಕಂಡರೆ ಫಾರಿನ್ ಅಪ್ಪ, ಕಚ್ಚಿದರೆ ಕಾಡಿನಪ್ಪ. ತಿನ್ನುವ ತಟ್ಟೆಗೆ ಕೈ ಹಾಕಿದವರ ವಂಶವನ್ನು ಯಾರು ಕೇಳಬೇಕು?

ಶುಕ್ರವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಚಿನಕುರಳಿಗೆ ಹೋದೆ. ದೊಡ್ಡತ್ತೆ ಕೊಟ್ಟಿಗೆ ಗುಡಿಸುತ್ತಿದ್ದರು. ಮರಿಯ ಅಪ್ಪ ಯಾರೆಂದು ಕೇಳಿದ್ದಕ್ಕೆ ಪೊರಕೆ ಹಿಡಿದುಕೊಂಡೇ ನಕ್ಕರು.

"ಯಾವ ಗಂಡುಬೆಕ್ಕು ಬಂತೋ ನಾನೇನು ಕಾವ್ಲು ಕೂತಿದ್ನಾ ಮಗಾ? ತಿಂಗ್ಳ ಮರೀಲೇ ಅದ್ರ ತಾಯಿ ಟ್ರಾಕ್ಟರಿಗೆ ಸಿಕ್ಕಿ ಸತ್ತೋಯ್ತು. ಆಮೇಲೆ ನಮ್ಮ ಎರಡು ನಾಯಿ ತಟ್ಟೇಲಿ ಬಾಯಾಕ್ಕಂಡು ಬದುಕ್ತು. ಗುರ್ ಅನ್ನದೆ ಇದ್ದಿದ್ರೆ ಅದಕ್ಕೆ ಒಂದು ತುತ್ತು ಸಿಗ್ತಿತ್ತಾ?"

ಅಷ್ಟೇ ವಿಷಯ. ಅದು ಗುರ್ ಎನ್ನುವುದಕ್ಕೆ ಪರ್ಷಿಯಾನೂ ಕಾರಣವಲ್ಲ, ಕಾಡೂ ಅಲ್ಲ.

ಮನೆಗೆ ಬಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತಿನಿಂದ ತಟ್ಟೆಯನ್ನು ಅಡುಗೆಮನೆ ಬಾಗಿಲ ಹಿಂದೆ ಇಟ್ಟೆ, ತಿಂದು ಮುಗಿಯುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಎರಡೇ ದಿನಕ್ಕೆ ಗುರ್ ಅರ್ಧಕ್ಕಿಳಿಯಿತು. ಆದರೂ ಭಾನುವಾರ ಭಾವ ಚೀಲದ ಬಾಯಿ ಕಟ್ಟಿಕೊಂಡು ಮೊಪೆಡ್ ಸ್ಟಾರ್ಟ್ ಮಾಡಿಯೇಬಿಟ್ಟರು. ನಾನು ಅಡ್ಡ ನಿಂತೆ.

"ಇದು ಎಲ್ಲಿಗೂ ಹೋಗಲ್ಲ ಭಾವ. ಇನ್ಮೇಲೆ ಇದರ ಜವಾಬ್ದಾರಿ ನಂದು" ಎಂದು ಚೀಲ ಕಿತ್ತುಕೊಂಡು ಬಿಚ್ಚಿದೆ.

ಜಗುಲಿಯಲ್ಲಿದ್ದ ಅತ್ತೆ ಭಾವನ ಕಡೆ ತಿರುಗಿದರು. "ಬುಡ್ಲಾ, ನಾಗಮಂಗಲದೋರ ಬಾಯಿಗೆ ಯಾಕ್ ಓಯ್ತೀಯೆ. ಉಟ್ಟುಗುಣ ಸುಟ್ರೂ ಓಗಕಿಲ್ಲ."

ನಾಗಮಂಗಲ ನನ್ನ ತವರು. ನಮ್ಮಪ್ಪ ಸಾರಿಗೆ ಉಪ್ಪಿಲ್ಲದಿದ್ದರೂ ತುಟಿ ಬಿಚ್ಚದೆ ಉಂಡೇಳುವ ಮನುಷ್ಯ. ಅಮ್ಮ ಇನ್ನೂ ಮೆತ್ತಗೆ.

ಮರಿಯನ್ನು ಎದೆಗೆ ಅವಚಿಕೊಂಡು ಕೇಳಿಯೇಬಿಟ್ಟೆ: "ಅತ್ತೆ, ನಾಗಮಂಗಲದಿಂದ ಬಂದಾಗ ನಂಗೆ ಬಾಯೇ ಇರ್ನಿಲ್ಲ. ಹದಿನೈದು ವರ್ಷ ನಿಮ್ಮನೇಲೇ ಉಂಡಿವ್ನಿ. ಈಗ ಈ ಬಾಯಿ ಯಾರ ಕಡೇದು?"