ಬೈಯೋದು ಆಮ್ಯಾಲೆ

ಗೋವಾದ ಫೋಂಡಾದಲ್ಲಿ ನಾವು ಕಟ್ಟುತ್ತಿದ್ದ ಬಿಲ್ಡಿಂಗಿನ ಎದುರಿಗೇ ನಮ್ಮ ಕಡೆಯ ಹೆಂಗಸೊಬ್ಬಳ ಚಹಾ ಗಾಡಿ. ನಮಗೆಲ್ಲ ಆಕೆ ಅವ್ವ. ನಶೆಯ ಸೂಜಿ ಚುಚ್ಚಿಕೊಳ್ಳುವವರನ್ನೂ ನಮ್ಮ ಜೊತೆಗೇ ಕೂರಿಸಿ ಚಹಾ ಕೊಡುವಳು. "ಒಬ್ಬಾವನ ಇದ್ದಾಗ ಚುಚ್ಚಿಕೋಬ್ಯಾಡೋ" ಎಂದು ಅವರಿಗೆ ಹೇಳುವಳು. ನಾವು ಮುಖ ಸಿಂಡರಿಸಿದರೆ, "ಬಿದ್ದಾವ್ರ ಉಸಿರ ಮೊದ್ಲ ನೋಡ್ರಿ, ಬೈಯೋದು ಆಮ್ಯಾಲೆ" ಎನ್ನುವಳು.

ಒಂದು ಮಧ್ಯಾಹ್ನ ಸೆಂಟ್ರಿಂಗ್ ಕೆಲಸದವನೊಬ್ಬ ಸೂಜಿ ಚುಚ್ಚಿಕೊಂಡು ಸಿಮೆಂಟ್ ಚೀಲಗಳ ಹಿಂದೆ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ನಾನು ಸೂಜಿಯ ವಿಷಯ ತಿಳಿಯದೆ ಮೂರ್ಛೆರೋಗವೆಂದುಕೊಂಡು, ಊರಿನ ರೂಢಿಯಂತೆ ಬುತ್ತಿಯೊಳಗಿನ ಉಳ್ಳಾಗಡ್ಡಿ ಒಡೆದು ಅವನ ಮೂಗಿಗೆ ಹಿಡಿದೆ. ಓಡಿಬಂದ ಅವ್ವ ನನ್ನ ಕೈ ತಳ್ಳಿದಳು.

"ಉಸಿರಾಡವಲ್ಲ, ವಾಸನಿ ಹ್ಯಾಂಗ ತಗೋತಾನ? ಆಂಬುಲೆನ್ಸಿಗೆ ಫೋನ್ ಹಚ್ಚು!"

ನಶೆಯವರನ್ನು ನೋಡಲು ಬರುತ್ತಿದ್ದ ನರ್ಸಮ್ಮ ಕಲಿಸಿದಂತೆ ಅವನ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ಆಂಬುಲೆನ್ಸಿನವರು ಬಂದು ನಶೆ ಇಳಿಸುವ ಇಂಜೆಕ್ಷನ್ ಕೊಡುವವರೆಗೂ ಊದುತ್ತಲೇ ಇದ್ದಳು.

ಮೂರನೆಯ ದಿನ ಅವನು ಗಾಡಿಯ ಮುಂದೆ ತಲೆ ತಗ್ಗಿಸಿ ನಿಂತ.

"ಯವ್ವಾ, ಈಗರ ಬೈ."

ಅವನ ಎದೆ ಏರಿಳಿಯುವುದನ್ನು ಆಕೆ ಒಂದು ಗಳಿಗೆ ನೋಡಿದಳು. ಆಮೇಲೆ ಲೋಟ ಚಾಚಿದಳು.

"ಚಹಾ ಆರತೈತಿ. ಮೊದ್ಲ ಕುಡಿ."