ಕಪ್ಪು ಕೆನ್ನೆಯ ಫೋಟೊ

ಲೂಪಸ್ ಎಂಬ ರೋಗ ಬಂದವರ ಮೂಗು, ಕೆನ್ನೆಗಳ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಗುಲಾಬಿ ಬಣ್ಣದ ಕಲೆ ಏಳುತ್ತದೆ ಎಂದು ನಮಗೆ ಕಲಿಸಿದ್ದಾರೆ. ಯಾರ ಕೆನ್ನೆಯ ಮೇಲೆ? ಪುಣೆಯ ನಮ್ಮ ಆಸ್ಪತ್ರೆಯಲ್ಲಿ, ಕೀಲುರೋಗ ವಿಭಾಗದ ಪಾಠದ ಸ್ಲೈಡುಗಳಲ್ಲಿದ್ದ ಮುಖಗಳೆಲ್ಲ ಬಿಳಿಯರವು. ಹೊರಗೆ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರದೂ ಆ ಬಣ್ಣವಲ್ಲ. ನಾನು ಆ ವಿಭಾಗದ ಕಿರಿಯ ವೈದ್ಯೆ; ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದುಕೊಂಡು ಬಂದವಳು, ಸುಮ್ಮನಿರಲಾಗಲಿಲ್ಲ. ಗುರುವಾರದ ತರಗತಿಯಲ್ಲಿ ಎದ್ದು ನಿಂತು ವಾದಿಸಿದೆ. ವಿಭಾಗದ ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡು ಮರಾಠಿಯಲ್ಲಿ ಹೇಳಿದರು: "ಒಪ್ಪಿದೆ. ನಮ್ಮವರ ಮುಖದ ಫೋಟೊ ನೀನೇ ತಾ, ಸ್ಲೈಡು ಬದಲಿಸೋಣ."

ವಾದ ಗೆದ್ದವರಿಗೆ ಇಂಥ ಶಿಕ್ಷೆಯೂ ಇದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರು ಮರಾಠಿ ರೋಗಿಗಳನ್ನು ಕೇಳಿದೆ, ಸಲೀಸಾಗಿ ಬೇಡವೆಂದರು.

ಆಮೇಲೆ ಊರಂಚಿನ ಹಡಪಸರದಿಂದ ಒಬ್ಬಳು ಬಂದಳು. ವಿಜಯಪುರದ ಕಡೆಯವಳು, ಹೊಲಿಗೆ ಕೆಲಸ. ಕನ್ನಡದವರು ಬಂದರೆ ನನ್ನ ಮೇಜಿಗೇ ಕಳಿಸುವುದು ವಿಭಾಗದ ರೂಢಿ. ನಮ್ಮ ಮನೆತನ ಧಾರವಾಡದ್ದೆಂಬುದಷ್ಟೇ ಅದಕ್ಕೆ ನನ್ನ ಅರ್ಹತೆ. ಅವಳಿಗೆ ಎರಡು ವರ್ಷದಿಂದ ಕೀಲುನೋವು, ಜ್ವರ. ಕೆನ್ನೆಯ ಮೇಲೆ ನೇರಳೆ ಬೆರೆತ ಕಂದು ಕಲೆ. ಮೂರು ಕಡೆ ಬಂಗು ಎಂದು ಮುಲಾಮು ಕೊಟ್ಟು ಕಳಿಸಿದ್ದರು. ರಕ್ತಪರೀಕ್ಷೆ ಮಾಡಿಸಿದರೆ ಲೂಪಸ್.

ಗುಳಿಗೆ ಬರೆದುಕೊಟ್ಟು ಫೋಟೊ ಕೇಳಿದೆ.

"ಯಾರ್ ನೋಡ್ತಾರ್ರಿ ಅದನ್ನ?"

"ಡಾಕ್ಟರ್ ಕಲಿಯೋರು, ನರ್ಸ್ ಕಲಿಯೋರು. ಕಣ್ಣಿನ ಮ್ಯಾಲೆ ಕರೀ ಪಟ್ಟಿ ಹಾಕ್ತೀವ್ರಿ."

"ಪೇಪರನ್ಯಾಗ ಕಳ್ಳರಿಗೆ ಹಾಕ್ತಾರಲ್ರಿ, ಹಂಗ?" ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಮ್ಮ ಓಣ್ಯಾಗ ನರ್ಸ್ ಕಲಿಯೂ ಹುಡಿಗ್ಯಾರು ಭಾಳ ಅದಾರ್ರಿ. ನಾದಿನಿಗೆ ಗಂಡು ನೋಡಾಕತ್ತೀವಿ. ಮನ್ಯಾಗ ರೋಗ ಅದ ಅಂತ ಸುದ್ದಿ ಹಬ್ಬಿದ್ರ?"

ಒಪ್ಪಿಗೆಯ ಕಾಗದ ಮರಾಠಿ, ಇಂಗ್ಲಿಷಿನಲ್ಲಿತ್ತು. ಕೇಳುವವಳೂ ನಾನೇ, ಓದಿ ಹೇಳುವವಳೂ ನಾನೇ, ಔಷಧಿ ಬರೆಯುವವಳೂ ನಾನೇ. "ಬ್ಯಾಡಂದ್ರೂ ನಡೀತದ್ರಿ, ಔಷಧಾ ಏನೂ ನಿಲ್ಲೂದಿಲ್ಲ" ಎಂದೆ.

"ನೀವು ನಮ್ಮ ಕಡೆಯವರು. ನಿಮಗ ಬ್ಯಾಡ ಅಂತ ಹೆಂಗ ಅನ್ಲಿ?" ಎಂದು ಸಹಿ ಹಾಕಿದಳು.

ಇದಕ್ಕೆ ಒಪ್ಪಿಗೆ ಎನ್ನುತ್ತಾರೆಯೆ? ಎದುರು ಪಕ್ಷದಲ್ಲಿದ್ದಿದ್ದರೆ ಎರಡು ನಿಮಿಷದಲ್ಲಿ ಕೆಡವಿಬಿಡುತ್ತಿದ್ದೆ. ಆದರೆ ಸ್ಲೈಡು ಬದಲಾಗದಿದ್ದರೆ ಮುಂದೆ ಬರುವ ಹುಡುಗಿಗೂ ಮುಲಾಮೇ ಗತಿ. ತೋರಿಸಿದರೆ ಒಂದು ತಪ್ಪು, ತೋರಿಸದಿದ್ದರೆ ಇನ್ನೊಂದು. ಅಂದು ತೆಗೆದ ಫೋಟೊವನ್ನು ಮೊಬೈಲಿನಲ್ಲಿಟ್ಟುಕೊಂಡು ನಾಲ್ಕು ವಾರ ತಿರುಗಿದೆ. ಮುಖ್ಯಸ್ಥರು ಪ್ರತಿ ಗುರುವಾರ "ಎಲ್ಲಿ?" ಎನ್ನುವರು. ಕೊನೆಗೆ ಅಳಿಸಿದೆ.

ಎರಡು ತಿಂಗಳ ಮೇಲೆ ಅವಳು ಮತ್ತೆ ಬಂದಾಗ, ದೊಡ್ಡ ಉಪಕಾರ ಮಾಡಿದವಳಂತೆ ಅದನ್ನು ಹೇಳಿದೆ.

"ಅಳಿಸಿದ್ರಿ?" ಅವಳ ಹುಬ್ಬು ಗಂಟಾಯಿತು. "ತಗಿಯೂವಾಗ ಕೇಳಿದ್ರಿ. ಅಳಿಸೂವಾಗ ಯಾಕ ಕೇಳಲಿಲ್ಲ? ನಾ ಮನ್ಯಾಗ ಕುಂತು ವಿಚಾರ ಮಾಡೀನ್ರಿ. ನನಗ ಎರಡು ವರ್ಷ ಹಾಳಾತು, ಮತ್ತೊಬ್ಬಾಕಿಗೆ ಆಗಬಾರದು, ಯಾರ್ ಏನರ ಅನ್ನಲಿ ಅಂತ ಮನಸ ಗಟ್ಟಿ ಮಾಡಿದ್ದೆ."

"ಹಂಗಾರ ಈಗ ಇನ್ನೊಮ್ಮೆ..." ಎನ್ನುತ್ತ ಮೊಬೈಲು ತೆಗೆದೆ.

"ತಗೀರಿ" ಎಂದು ಸೆರಗು ಸರಿಸಿ, ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಗುಳಿಗೆ ಕೆಲಸ ಮಾಡಿತ್ತು. ಕೆನ್ನೆ ತಿಳಿಯಾಗಿತ್ತು, ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ.