ಹಲ್ಲಿನವಳ ದೋಣಿ

ಊರಿನವರು ಅವಳನ್ನು ಹಲ್ಲಿನವಳು ಎನ್ನುತ್ತಿದ್ದರು. ಉಬ್ಬುಹಲ್ಲಿನ ಹೆಂಗಸಿರಬೇಕು ಎಂದುಕೊಳ್ಳಬೇಡಿ. ಅವಳ ಸ್ವಂತ ಹಲ್ಲಿಗೆ ಯಾವ ಐಬೂ ಇರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಎದುರಾಗಿ ಹಾಕಿದ ಮೇಜಿನ ಮುಂದೆ ಕೂತು ಊರಿನ ಮುದುಕರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಬೀದಿಯಲ್ಲಿ ಯಾರಾದರೂ ನಕ್ಕರೆ ಅವಳಿಗೆ ಹಲ್ಲಿನ ಗುರುತು ಹತ್ತುತ್ತಿತ್ತು, ಮುಖ ಯಾರದೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಅಪ್ಪ ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಉಳಿದದ್ದು ಅಕ್ಕ, ಅವಳು, ಮತ್ತು ಅಪ್ಪನ ಪುಟ್ಟ ಹಾಯಿದೋಣಿ. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಭಾನುವಾರ ಬಂತೆಂದರೆ ಸಮುದ್ರ. ಚುಕ್ಕಾಣಿ ಅಕ್ಕನ ಕೈಯಲ್ಲಿ, ಹಾಯಿಯ ಹಗ್ಗ ತಂಗಿಯ ಕೈಯಲ್ಲಿ. ದೋಣಿ ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಮರ ಈ ಕಡೆಯಿಂದ ಆ ಕಡೆಗೆ ರಪ್ಪನೆ ಬೀಸುತ್ತದೆ. ತಲೆ ಅಡ್ಡ ಬಂದರೆ ಬುರುಡೆ ಬಿಚ್ಚಿದಂತೆಯೇ. ಅದಕ್ಕೇ ಅಕ್ಕ "ತಲೆ!" ಎಂದು ಕೂಗುವಳು, ಇವಳು ಬಗ್ಗಿಕೊಂಡು "ಬಗ್ಗಿದೆ!" ಎನ್ನುವಳು. ಆ ಉತ್ತರ ಕಿವಿಗೆ ಬೀಳದೆ ಅಕ್ಕ ಎಂದೂ ಚುಕ್ಕಾಣಿ ಹೊರಳಿಸಿದವಳಲ್ಲ.

ಐವತ್ತು ದಾಟಿದ ಮೇಲೆ ಅಕ್ಕನಿಗೆ ಮದುವೆಯಾಯಿತು. ಗಂಡು ಭೂಶಿರದಾಚೆಯ ಊರಿನ ಬೇಕರಿಯವನು, ಹೆಂಡತಿ ಸತ್ತವನು. ಹಲ್ಲಿನ ಅಳತೆ ಕೊಡಲು ಬಂದವನು, ತಂಗಿಗೆ ಊಟದ ಡಬ್ಬಿ ತಂದಿದ್ದ ಅಕ್ಕನನ್ನು ಕಂಡ. ಸೆಟ್ಟು ಸರಿಯಾಗಿ ಕೂತ ಮೇಲೂ "ಇಲ್ಲಿ ಸ್ವಲ್ಪ ಒತ್ತುತ್ತೆ" ಎನ್ನುತ್ತ ಮತ್ತೆ ಮತ್ತೆ ಬಸ್ಸು ಹತ್ತಿ ಬಂದ, ಅದೂ ಸರಿಯಾಗಿ ಊಟದ ಹೊತ್ತಿಗೆ. ಒತ್ತುತ್ತಿದ್ದದ್ದು ಹಲ್ಲಲ್ಲ ಎಂದು ಇವಳಿಗೆ ತಿಳಿಯುವಷ್ಟರಲ್ಲಿ ಮಾತುಕತೆಯೇ ಮುಗಿದಿತ್ತು. ಇವಳೇ ಉಜ್ಜಿ ಹೊಳಪು ಕೊಟ್ಟ ಹಲ್ಲು ಕಿರಿಯುತ್ತ ಭಾವ ಅಕ್ಕನನ್ನು ಕರೆದುಕೊಂಡು ಹೋದ. ಯಾರನ್ನು ಬೈಯುವುದು?

ಹೊರಡುವ ದಿನ ಅಕ್ಕ ಪೆಟ್ಟಿಗೆಗೆ ಬಟ್ಟೆ ತುಂಬುತ್ತ, "ದೋಣಿ ಮಾರಿಬಿಡೇ," ಎಂದಳು. "ನಾನಿಲ್ದೆ ನೀನು ದೀಪಸ್ತಂಭಾನೂ ದಾಟಲ್ಲ."

ಅಕ್ಕ ಕಾಳಜಿಯಿಂದ ಆಡಿದ ಮಾತೇ ಇರಬಹುದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿಯ ಎದೆಯಲ್ಲಿ ಅದು ಮುಳ್ಳಾಗಿ ನಿಂತಿತು. ಒಬ್ಬಳಿಗೆಂದು ಅಡುಗೆ ಮಾಡುವ ಅಳತೆ ಅವಳ ಕೈಗೆ ಹತ್ತಲೇ ಇಲ್ಲ. ರಾತ್ರಿ ಮಾಡಿದ್ದು ಬೆಳಿಗ್ಗೆಗೂ ಉಳಿಯುತ್ತಿತ್ತು. ಭಾನುವಾರ ಮನೆಯಲ್ಲಿ ಕೂರಲಾರದೆ, ಬಾಗಿಲು ಹಾಕಿದ್ದ ಕ್ಲಿನಿಕ್ಕಿಗೆ ಹೋಗಿ ಯಾರಿಗೂ ಅವಸರವಿಲ್ಲದ ಹಲ್ಲನ್ನು ಉಜ್ಜುತ್ತ ಕೂರುತ್ತಿದ್ದಳು. ಅಕ್ಕ ಬೇಕು ಎಂದು ಬಾಯಿ ಬಿಟ್ಟು ಹೇಳುವ ಜಾತಿಯಲ್ಲ ಅವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಂದು ಶನಿವಾರ ಫೋನು ಮಾಡಿ, "ನಾಳೆ ಬರ್ತೀನಿ, ದೋಣೀಲಿ" ಎಂದಳು.

"ಹುಚ್ಚಾ ನಿಂಗೆ? ಭೂಶಿರದ ಹತ್ರ ಗಾಳಿ ಹೇಗಿರುತ್ತೆ ಗೊತ್ತಲ್ಲ! ಬಸ್ಸಲ್ಲಿ ಬಾ."

"ದೋಣೀಲೇ ಬರ್ತೀನಿ," ಎಂದು ಫೋನಿಟ್ಟಳು. ಒಬ್ಬಳೇ ಭೂಶಿರ ದಾಟಿ ಅಕ್ಕನ ಊರಿನ ದೋಣಿಕಟ್ಟೆಗೆ ದೋಣಿ ಹಚ್ಚಬೇಕು, ಅಕ್ಕ ಆಡಿದ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಅಷ್ಟೇ ಎಂದು ಅವಳು ತಿಳಿದಿದ್ದಳು.

ಬೆಳಿಗ್ಗೆ ಸಮುದ್ರ ಸಾಧುವಾಗಿತ್ತು. ದೀಪಸ್ತಂಭ ಹಿಂದೆ ಬಿದ್ದಾಗ ಅವಳಿಗೆ ನಗು ಬಂತು. "ನೋಡಿದೆಯಾ?" ಎಂದು ಮುಂದಿನ ಹಲಗೆಯ ಕಡೆ ತಿರುಗಿದಳು. ಹಲಗೆಯ ಮೇಲೆ ನೀರಿನ ಬಾಟಲಿಯೊಂದು ಉರುಳಾಡುತ್ತಿತ್ತು.

ಭೂಶಿರದ ಮೂತಿ ಕಾಣುವ ಹೊತ್ತಿಗೆ ಗಾಳಿ ತಿರುಗಿತು. ಎದುರುಗಾಳಿ. ಇನ್ನು ನೇರವಾಗಿ ಹೋಗುವಂತಿಲ್ಲ. ಒಮ್ಮೆ ಕಡಲಿನ ಕಡೆಗೆ, ಒಮ್ಮೆ ದಡದ ಕಡೆಗೆ ಓರೆಯಾಗಿ ಸಾಗಿ, ತಿರುಗಿಸಿ ತಿರುಗಿಸಿ ದಾಟಬೇಕು. ಒಂದು ಕೈಗೆ ಚುಕ್ಕಾಣಿ, ಒಂದು ಕೈಗೆ ಹಗ್ಗ, ದೋಣಿಯೊಳಗೆ ಸೇರುತ್ತಿದ್ದ ನೀರು ಮೊಗೆಯಲು ಮೂರನೆಯ ಕೈ ಎಲ್ಲಿಂದ ತರುವುದು? ಹಲ್ಲು ಕಚ್ಚಿಕೊಂಡು ಕೂತಳು. ದಡದ ಬಂಡೆಗಳು ಹತ್ತಿರವಾದವು. ತಿರುಗಿಸುವ ಹೊತ್ತಾಯಿತೆಂದು "ತಲೆ!" ಎಂದು ಕೂಗಿದಳು.

ಕೂಗಿ, ಉತ್ತರಕ್ಕೆ ಕಾದಳು.

ಇಷ್ಟು ವರ್ಷದ ಅಭ್ಯಾಸ, ಏನು ಮಾಡುತ್ತೀರಿ! ಉತ್ತರ ಬರದೆ ಚುಕ್ಕಾಣಿ ಹೊರಳಿಸಬಾರದೆಂದು ಕೈಗೆ ಗೊತ್ತಿತ್ತು, ಉತ್ತರ ಕೊಡಬೇಕಾದವಳು ತಾನೇ ಎಂಬುದು ಮಾತ್ರ ಮರೆತುಹೋಗಿತ್ತು. ದೋಣಿ ಬಂಡೆಗಳ ಕಡೆಗೆ ನುಗ್ಗುತ್ತಲೇ ಇತ್ತು. ಅಲೆ ಬಂಡೆಗೆ ಬಡಿದ ಸದ್ದು ಕೇಳಿದಾಗಲೇ ಅದು ನೆನಪಾದದ್ದು. "ಬಗ್ಗಿದೆ! ಬಗ್ಗಿದೆನೇ!" ಎಂದು ಕಿರುಚಿ ಚುಕ್ಕಾಣಿ ನೂಕಿದಳು. ಅಡ್ಡಮರ ಹೆಗಲಿಗೆ ಅಪ್ಪಳಿಸಿತು. ಹಗ್ಗ ಅಂಗೈಯನ್ನು ಸುಲಿದುಕೊಂಡು ಓಡಿತು. ದೋಣಿ ಪಕ್ಕಕ್ಕೆ ಮಲಗಿ, ಮೊಣಕಾಲುದ್ದ ನೀರು ಕುಡಿದು, ಹೇಗೋ ಎದ್ದು, ಕಡಲಿನ ಕಡೆಗೆ ಹೊರಳಿತು.

ಅಲ್ಲಿಂದಾಚೆಗೆ ಪ್ರತಿ ಸಲ ತಿರುಗಿಸುವಾಗಲೂ ತಾನೇ ಕೂಗಿದಳು, ತಾನೇ ಉತ್ತರ ಕೊಟ್ಟಳು. ನೋಡಿದವರಿದ್ದರೆ ನಗುತ್ತಿದ್ದರೋ ಏನೋ. ಅವಳು ಅಳುತ್ತಿದ್ದಳು. ಸಾವಿನ ಭಯಕ್ಕಿಂತ ಹೆಚ್ಚಾಗಿ, ಎರಡು ಮಾತಿಗೂ ತನ್ನದೊಂದೇ ದನಿಯಾಯಿತಲ್ಲ ಎಂದು.

ಹೊತ್ತು ಇಳಿಯುವಾಗ ದೋಣಿ ಆಚೆಯ ಊರಿನ ಕಟ್ಟೆ ಮುಟ್ಟಿತು. ಅಕ್ಕ ಗಂಡನ ಕೋಟು ಹೊದ್ದು ನಿಂತಿದ್ದಳು, ಯಾವಾಗಿನಿಂದ ನಿಂತಿದ್ದಳೋ. ಹಗ್ಗ ಹಿಡಿದು ಗೂಟಕ್ಕೆ ಬಿಗಿದು, ತಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ತುಂಬಾ ಕಷ್ಟ ಆಯ್ತಾ?"

ಹಲ್ಲಿನವಳು ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಏನಿಲ್ಲಪ್ಪ. ನೀರು ಕುಡಿದಷ್ಟು ಸಲೀಸು."

"ಗಾಳಿ?"

"ಇತ್ತು. ಇದ್ರೇನೀಗ?"

ಬೇಕರಿಯ ಹಿಂದಿನ ಕೋಣೆ ಒಲೆಯ ಕಾವಿಗೆ ಬೆಚ್ಚಗಿತ್ತು. ಅಕ್ಕನ ಒಣಬಟ್ಟೆ ಉಟ್ಟು ಕೂತವಳ ಮುಂದೆ ಭಾವ ಚಹಾ ಇಟ್ಟು, "ಭೇಷ್! ನಿಮ್ಮಕ್ಕ ಬೆಳಗಿಂದ ಒಂದು ತುತ್ತು ತಿಂದಿಲ್ಲ ನೋಡಿ" ಎಂದು ನಕ್ಕ. ಹಲ್ಲು ಚೆನ್ನಾಗಿ ಕೂತಿತ್ತು.

ಅಕ್ಕ ಬ್ರೆಡ್ಡು ಕೊಯ್ಯುತ್ತ, ತಲೆಯೆತ್ತದೆ ಹೇಳಿದಳು: "ಅವತ್ತು ಹಾಗಂದಿದ್ದು ತಪ್ಪಾಯ್ತು ಕಣೇ. ನೀನು ಒಬ್ಳೇ ಏನ್ಮಾಡ್ತೀಯೋ ಅಂತ ನಿದ್ದೇನೇ ಬರ್ತಿರ್ಲಿಲ್ಲ. ಇವರ ಹತ್ರ ಮಾತಾಡಿ ಇಟ್ಟಿದ್ದೆ, ಮುಂದಿನ ವಾರದಿಂದ ಶನಿವಾರ ಸಂಜೆ ನಾನೇ ಬಸ್ಸಿಗೆ ಬಂದ್ಬಿಡೋದು, ಭಾನುವಾರ ಇಡೀ ನಿನ್ನ ಜೊತೆ ಇರೋದು ಅಂತ. ದೋಣಿಗೆ ಇನ್ನೊಬ್ರು ಬೇಕೇಬೇಕಲ್ಲ."

ಹಲ್ಲಿನವಳ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು.

"ಭಾನುವಾರ ಇವರಿಗೂ ಇಲ್ಲಿ ಗಿರಾಕಿ ಜಾಸ್ತಿ, ಒಬ್ರಿಗೇ ಕಷ್ಟ," ಎಂದಳು ಅಕ್ಕ. "ಇನ್ನು ಆ ಚಿಂತೆ ಇಲ್ಲ ಬಿಡು. ನಿನಗೆ ನಾನು ಬೇಕಾಗಿಲ್ಲ ಅಂತ ಕಣ್ಣಾರೆ ನೋಡಿದೆನಲ್ಲ, ಸಮಾಧಾನ ಆಯ್ತು."

ಇಲ್ಲ ಅಕ್ಕಾ, ಸತ್ತೇ ಹೋಗ್ತಿದ್ದೆ, ಕೈ ನೋಡಿಲ್ಲಿ, ಬಾ, ಪ್ರತಿ ವಾರ ಬಾ. ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕ ಬ್ರೆಡ್ಡಿನ ತಟ್ಟೆ ಮುಂದಿಟ್ಟು ಮುಖ ನೋಡಿದಳು, ಇನ್ನೇನಾದರೂ ಹೇಳಿಯಾಳೋ ಎಂಬಂತೆ.

"ಹೌದು ಮತ್ತೆ," ಎಂದಳು ಹಲ್ಲಿನವಳು. "ಸುಮ್ನೆ ನೀನ್ಯಾಕೆ ಬಸ್ಸು ಹತ್ತಿ ಒದ್ದಾಡ್ತೀಯಾ."